ಓದದೆ ಬಿಟ್ಟ ಆರು ಸಾಲು

ನನ್ನವ್ವನಿಗೆ ಜಯ ಬರೆಯುವುದು.

ನೀನಿದ್ದಾಗ ಮನೆಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಅರಳಗುಪ್ಪೆಯ ಚಿಕ್ಕಮ್ಮನ ಕಾರ್ಡು, ಸೊಸೈಟಿಯ ನೋಟೀಸು, ಯಾರದೋ ಮದುವೆಯ ಕರೆಯೋಲೆ. ನಿನಗೆ ಅಕ್ಷರ ಬರುತ್ತಿರಲಿಲ್ಲ, ನೀನು ನನ್ನ ಬಾಯನ್ನೇ ನಂಬುತ್ತಿದ್ದೆ. ಇವತ್ತು ನಿನಗೇ ಬರೆಯಲು ಕೂತಿದ್ದೇನೆ. ಇದನ್ನು ನಿನಗೆ ಓದಿ ಹೇಳುವವರು ಯಾರು? ನೀನು ಹೋಗಿ ಆರು ತಿಂಗಳಾಯಿತು. ಈ ಆರು ತಿಂಗಳಲ್ಲಿ ನಾನು ಅತ್ತಿಲ್ಲ. ಊಟ ಮಾಡುತ್ತೇನೆ, ನೀರು ಸೇದುತ್ತೇನೆ, ಅಪ್ಪನಿಗೆ ಮುದ್ದೆ ಕಟ್ಟಿ ಹಾಕುತ್ತೇನೆ. ಕೈಕಾಲು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತವೆ. ಹೋದ ಭಾನುವಾರ ಗಂಡ ಹೆಂಡತಿ ಇಬ್ಬರು ಬಂದು, ನಿನಗೆ ಬಂದಿದ್ದ ಫಾರಿನ್ ಕಾಗದವನ್ನು ಓದಿ ಹೇಳು ಅಂದರು. ಅದಾದ ಮೇಲೆ ನಿನಗೊಂದು ವಿಷಯ ಹೇಳದೆ ಇರಲು ಆಗುತ್ತಿಲ್ಲ. ಆ ಕಾಗದವನ್ನು ನಾನು ನಿನಗೆ ಪೂರ್ತಿ ಓದಿ ಹೇಳಲಿಲ್ಲ ಅವ್ವ.

ನಿನ್ನ ಕಿವಿ ಕೆಟ್ಟಿದೆ ಎಂದು ನಮಗೆ ಮೊದಲು ಗೊತ್ತಾದದ್ದು ಅಟ್ಟದ ಮೇಲೆ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಗಳನ್ನು ನೀನು ಒಂದೊಂದಾಗಿ ಎತ್ತಿ, ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಗಟಗಟ ಅನ್ನುತ್ತದೆ. ಅನ್ನುವ ಕಾಯಿ ಕೆಳಗಿಳಿಯಬೇಕು, ಅನ್ನದ ಕಾಯಿ ಅಲ್ಲೇ ಇರಬೇಕು. ಊರಿನ ಅರ್ಧ ಅಟ್ಟಗಳಿಗೆ ಈ ಕೆಲಸಕ್ಕೆ ನಿನ್ನನ್ನೇ ಕರೆಯುತ್ತಿದ್ದರು. ಆ ವರ್ಷ ಪಕ್ಕದ ಮನೆಯ ಸಿದ್ದಮ್ಮನ ಅಟ್ಟದಲ್ಲಿ ನೀನು ಬುಟ್ಟಿಯಷ್ಟು ಕಾಯಿ ಅಲ್ಲಾಡಿಸಿ, "ಒಂದೂ ಒಣಗಿಲ್ಲ ಕಣೇ. ಇನ್ನೆರಡು ತಿಂಗ್ಳು ಇರ್ಲಿ ಬುಡು" ಅಂದೆ. ಏಣಿಯ ಮೇಲೆ ನಿಂತಿದ್ದ ಸಿದ್ದಮ್ಮ ಒಂದನ್ನು ಕಿತ್ತುಕೊಂಡು ಅಲ್ಲಾಡಿಸಿದಳು. ಕೆಳಗೆ ನಿಂತಿದ್ದ ನನಗೂ ಅದರ ಸದ್ದು ಕೇಳಿಸಿತು.

"ಅಯ್ಯೋ ನಿನ್ನ, ಊರಿಗೆಲ್ಲ ಕೇಳ್ತಾ ಐತೆ. ನಿನ್ನ ಕಿವೀನೇ ಅಟ್ಟಕ್ಕೆ ಹಾಕ್ಬೇಕು ಕಣೇ, ಅದಿನ್ನೂ ಹಸಿ."

ನೀನು ನಕ್ಕೆ. ಆಮೇಲೆ ಕಾಯಿಯನ್ನು ಎಡಗಿವಿಗೆ ಬದಲಿಸಿದೆ, ಮತ್ತೆ ಬಲಗಿವಿಗೆ ತಂದೆ. ಹಾಗೆ ನಾಲ್ಕೈದು ಸಲ ಮಾಡಿ ನಗು ನಿಲ್ಲಿಸಿದೆ. ಅವತ್ತೇ ನಾವು ಆಸ್ಪತ್ರೆಗೆ ಹೋಗಿದ್ದರೆ... ಗುಗ್ಗೆ ತುಂಬಿರಬೇಕು ಅಂದುಕೊಂಡು ಎಣ್ಣೆ ಬಿಟ್ಟೆವು. ಇನ್ನೊಂದು ವರ್ಷ ಹಾಗೇ ಹೋಯಿತು.

ಕೆನ್ನೆಯ ವಿಷಯವನ್ನು ನೀನಾಗಿ ಹೇಳಲಿಲ್ಲ. ಒಂದು ದಿನ ಊಟಕ್ಕೆ ಕೂತಿದ್ದಾಗ ನಿನ್ನ ಬಾಯಿಯ ಬಲಗಡೆ ಮುದ್ದೆಯ ಚೂರು ಅಂಟಿಕೊಂಡಿದ್ದನ್ನು ನಾನು ನೋಡಿದೆ. ಒರೆಸಿಕೊ ಅಂದೆ. ಎಲ್ಲಿ ಅಂದೆ ನೀನು. ನಾನು ಕೈ ಚಾಚಿ ತೆಗೆದೆ, ನನ್ನ ಬೆರಳು ಸೋಕಿದ್ದು ನಿನಗೆ ಗೊತ್ತೇ ಆಗಲಿಲ್ಲ. "ಅರ್ಧ ಮುಖ ಜೋಮು ಹಿಡ್ದೈತೆ ಕಣೆ ಜಯ. ಕಾಲು ಜೋಮು ಹಿಡಿದ್ರೆ ಕೊಡವ್ಕೊಬೋದು, ಮುಖಾನ ಹೆಂಗೆ ಕೊಡವಾದು?" ಅಂದೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನಿನ್ನ ಮುಖ ನೋಡಿದ. ನೀನು ನಡೆಯುವಾಗ ಗೋಡೆ ಹಿಡಿಯುವುದನ್ನು ಅವನು ಆಗಲೇ ನೋಡಿದ್ದನಂತೆ. ನಮ್ಮ ಮನೆಯಲ್ಲಿ ಎಲ್ಲರೂ ನೋಡುತ್ತೇವೆ, ಯಾರೂ ಹೇಳುವುದಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದಾಗ ನಾವು ಮೂವರೂ ಸಾಲಾಗಿ ನಿಂತಿದ್ದೆವು. ಕಿವಿಯ ನರದ ಮೇಲೆ ಗಡ್ಡೆ ಬೆಳೆದಿದೆ, ಕ್ಯಾನ್ಸರ್ ಅಲ್ಲ, ಬೇರೆಲ್ಲೂ ಹರಡುವುದಿಲ್ಲ ಎಂದು ದೊಡ್ಡ ಡಾಕ್ಟರು ಹೇಳಿದರು. ಆದರೆ ಅದು ಕೂತಿರುವ ಜಾಗ ಒಳ್ಳೆಯದಲ್ಲ, ನಿಂಬೆಹಣ್ಣಿನಷ್ಟಾಗಿ ಮೆದುಳಿನ ಬುಡವನ್ನು ಒತ್ತುತ್ತಿದೆ, ಬೇಗ ಆಪರೇಷನ್ ಆಗಬೇಕು ಅಂದರು. ನೀನು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ.

"ಇಡಿಯಾಗಿ ಹೊರಕ್ಕೆ ಬತ್ತದಾ ಸ್ವಾಮಿ?"

"ಪ್ರಯತ್ನ ಮಾಡ್ತೀವಮ್ಮ. ಮುಖದ ನರ ಅದರ ಮೇಲೇ ಹಾದುಹೋಗುತ್ತೆ. ಅದಕ್ಕೆ ಪೆಟ್ಟಾದ್ರೆ ಮುಖ ಸೊಟ್ಟಗಾಗಬಹುದು. ಜೀವಕ್ಕೂ ಸ್ವಲ್ಪ ಅಪಾಯ ಇದ್ದೇ ಇದೆ."

ಹೊರಗಿನ ಬೆಂಚಿನ ಮೇಲೆ ಕೂತು ನೀನು ಬೇಡ ಅಂದೆ. "ಮೂವತ್ತು ವರ್ಷದಿಂದ ಚಿಪ್ಪು ಒಡೀತಾ ಇವ್ನಿ. ಒಳಗಿನ ಕೊಬ್ರಿ ಉಂಡೆಗೆ ಮಚ್ಚು ತಾಕ್ದಂಗೆ ಒಡೀಬೇಕು, ನನ್ನ ಕೈಯಾಗೇ ಹತ್ರಾಗೆ ಒಂದು ತಪ್ತದೆ. ಚೂರಾದ ಕೊಬ್ರೀನ ಬುಟ್ಟಿ ಬದಲಾಯಿಸಿ ಹಾಕ್ತೀವಿ, ಆಯ್ತು. ನಾನು ಚೂರಾದ್ರೆ ಯಾವ ಬುಟ್ಟಿಗೆ ಹಾಕ್ತೀರಾ?"

ಆಗ ಬಂದವರು ಆ ಚಿಕ್ಕ ಡಾಕ್ಟರು, ಕನ್ನಡಕದವರು. ಪರದೇಶದ ಒಂದು ಆಸ್ಪತ್ರೆಯಲ್ಲಿ ಇಂಥ ಗಡ್ಡೆಗೆ ಚಾಕು ಇಲ್ಲದೆ ಚಿಕಿತ್ಸೆ ಮಾಡುತ್ತಾರೆ ಎಂದು ಅವರೇ ಹೇಳಿದ್ದು. ತಲೆಗೆ ಲೋಹದ ಟೋಪಿಯಂಥದ್ದನ್ನು ಇಡುತ್ತಾರೆ, ಅದರ ನೂರಾರು ತೂತುಗಳಿಂದ ಸಣ್ಣ ಸಣ್ಣ ಕಿರಣಗಳು ಹೊರಟು ಒಂದೇ ಜಾಗದಲ್ಲಿ ಸೇರುತ್ತವೆ. ಒಂದೊಂದಕ್ಕೂ ಬಲ ಕಡಿಮೆ, ದಾರಿಯಲ್ಲಿ ಏನನ್ನೂ ಸುಡುವುದಿಲ್ಲ. ಎಲ್ಲ ಸೇರಿದ ಜಾಗದಲ್ಲಿ ಮಾತ್ರ ಗಡ್ಡೆಯ ಬೆಳವಣಿಗೆ ನಿಲ್ಲುತ್ತದೆ, ಕೆಲವರಿಗೆ ವರ್ಷಗಟ್ಟಲೆ ಆದ ಮೇಲೆ ಕುಗ್ಗುತ್ತದೆ. "ಸಣ್ಣ ಗಡ್ಡೆಗೆ ಮಾಡ್ತಾರೆ ಅಂತ ಓದಿದ್ದೀನಿ. ದೊಡ್ಡದಕ್ಕೆ ಮಾಡ್ತಾರೋ ಇಲ್ವೋ ನನಗೆ ಗೊತ್ತಿಲ್ಲ. ಬೇಕಾದ್ರೆ ಬರೆದು ಕೇಳಿ. ಆದ್ರೆ ಆ ಉತ್ತರಕ್ಕೆ ಕಾಯ್ತಾ ಕೂತ್ಕೋಬೇಡಿ" ಎಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು. ಅವರು ನಿನ್ನ ಬಲಗಡೆ ನಿಂತಿದ್ದರು. ನಿನಗೆ ಕೇಳಿಸಿದ್ದು ನಾನು ಎಡಗಿವಿಗೆ ಹೇಳಿದಷ್ಟೇ. ಅವತ್ತು ನಾನು ಎಲ್ಲವನ್ನೂ ಹೇಳಿದೆ ಅವ್ವ, ಕಾಯಬೇಡಿ ಅಂದದ್ದನ್ನೂ ಹೇಳಿದೆ. ನೀನು ಹಿಡಿದುಕೊಂಡದ್ದು ಒಂದನ್ನೇ.

"ಹಂಗಾದ್ರೆ ಒಡಿಯಂಗಿಲ್ಲ. ಚಿಪ್ಪಿನೊಳಗೇ ಒಣಗ್ತದೆ" ಅಂದೆ.

ತಿಪಟೂರಿಗೆ ಬರುವವರೆಗೂ ರೈಲಿನಲ್ಲಿ ನೀನು ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದೆ. ಅಟ್ಟದ ಮೇಲೆ ಕಾಯಿಯನ್ನು ಯಾರು ಕುಯ್ಯುತ್ತಾರೆ? ಅದಕ್ಕೆ ಹಸಿವಾ, ಬಾಯಾರಿಕೆಯಾ? ಸುಮ್ಮನೆ ಬಿಟ್ಟರೆ ವರ್ಷಕ್ಕೆ ಅದರ ನೀರು ಅದೇ ಕುಡಿದುಕೊಂಡು ಗಟ್ಟಿಯಾಗುತ್ತದಲ್ಲ. ನನಗೂ ಆ ಹೋಲಿಕೆ ಇಷ್ಟವಾಯಿತು. ನಾನು ಸಾಹಿತ್ಯ ಓದಿದವಳು, ಹೋಲಿಕೆ ಚೆನ್ನಾಗಿದ್ದರೆ ಸಾಕು, ನಿಜವಿರಬೇಕು ಅನ್ನಿಸಿಬಿಡುತ್ತದೆ.

ಕಾಗದ ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು. ಕಾಲೇಜಿನಲ್ಲಿ ಎದ್ದು ನಿಂತು ಒಂದು ಪ್ರಶ್ನೆಯನ್ನೂ ಕೇಳದವಳು ಕಾಣದ ದೇಶದ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಬರೆದೆ. ಸ್ಕ್ಯಾನ್ ಚೀಟಿಯಲ್ಲಿದ್ದ ಅಳತೆಯನ್ನು ನೋಡಿ ನೋಡಿ ಬರೆದೆ. ತಿಪಟೂರಿನ ದೊಡ್ಡ ಪೋಸ್ಟಾಫೀಸಿಗೆ ಹೋಗಿ ಹಾಕಿ ಬಂದೆ. ಹೋಗುವುದು ಹೇಗೆ, ಯಾರ ಜೊತೆ, ವಿಮಾನಕ್ಕೆ ದುಡ್ಡು ಎಲ್ಲಿಂದ, ಅದನ್ನು ನಮ್ಮ ಮೂವರಲ್ಲಿ ಒಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಅಪ್ಪ ಮಾತ್ರ ಒಂದು ದಿನ, "ಹೋಗೋದೇ ಆದ್ರೆ ಕೆರೆ ಕಡೆ ತೋಟ ಐತಲ್ಲ" ಅಂದು ಎದ್ದು ಹೋದ.

ಉತ್ತರ ಬಂದದ್ದು ಆಷಾಢದ ಒಂದು ಮಧ್ಯಾಹ್ನ. ಪೋಸ್ಟ್‌ಮ್ಯಾನ್ ಲಕೋಟೆಯನ್ನು ಎತ್ತಿ ಹಿಡಿದುಕೊಂಡೇ ಬೀದಿಯಲ್ಲಿ ಬಂದಿದ್ದರಿಂದ ಅವನ ಹಿಂದೆ ನಾಲ್ಕು ಜನ ಬಂದರು. ಸಿದ್ದಮ್ಮ ಸ್ಟಾಂಪನ್ನು ಮುಟ್ಟಿ ನೋಡಿದಳು. ನೀನು ಜಗುಲಿಯ ಕಂಬಕ್ಕೆ ಒರಗಿ ಕೂತು ಎಡಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಅಪ್ಪ ಹೆಗಲ ಮೇಲಿನ ಗುದ್ದಲಿಯನ್ನು ಇಳಿಸದೆ ನಿಂತಿದ್ದ. ನಾನು ಮನಸ್ಸಿನಲ್ಲೇ ಒಂದು ಸಲ ಓದಿಕೊಂಡೆ. ಒಂದೇ ಹಾಳೆ, ಟೈಪ್ ಮಾಡಿದ್ದು, ನಾಲ್ಕು ಪ್ಯಾರಾ. ಮೊದಲನೆಯದರಲ್ಲಿ ನಿಮ್ಮ ಕಾಗದ ತಲುಪಿತು, ತಾಯಿಯ ಬಗ್ಗೆ ನಿಮಗಿರುವ ಕಾಳಜಿ ಅರ್ಥವಾಗುತ್ತದೆ ಎಂದಿತ್ತು. ಎರಡನೆಯದರಲ್ಲಿ ಕಿರಣಗಳ ವಿವರ. ಮೂರನೆಯದರಲ್ಲಿ, ಇಷ್ಟು ದೊಡ್ಡ ಗಡ್ಡೆಗೆ ಕಿರಣ ಆಗದು, ಮೊದಲು ಆಪರೇಷನ್ ಆಗಲೇಬೇಕು ಎಂದಿತ್ತು. ಕೊನೆಯದರಲ್ಲಿ, ಆಪರೇಷನ್ ಆದ ಮೇಲೆ ಹೊಸ ಸ್ಕ್ಯಾನ್ ಚಿತ್ರ ಕಳುಹಿಸಿ, ನೋಡಿ ತಿಳಿಸುತ್ತೇವೆ ಎಂದಿತ್ತು.

ಮೊದಲನೆಯದನ್ನು ಕನ್ನಡದಲ್ಲಿ ಹೇಳಿದೆ. ಎರಡನೆಯದನ್ನು ಹೇಳಿದೆ. ಆಗ ನೀನು ಸಿದ್ದಮ್ಮನ ಕಡೆ ತಿರುಗಿ ನಕ್ಕೆ. ಬಾಯಿಯ ಒಂದು ಕಡೆ ಮಾತ್ರ ಮೇಲೆ ಹೋಯಿತು, ಇನ್ನೊಂದು ಕಡೆ ಇದ್ದಲ್ಲೇ ಇತ್ತು. ನನ್ನ ಕಣ್ಣು ಮೂರನೆಯದರ ಮೇಲಿತ್ತು. ಬಾಯಿ ನಾಲ್ಕನೆಯದಕ್ಕೆ ಹೋಯಿತು. ಅದರಲ್ಲೂ ಆಪರೇಷನ್ ಎಂಬ ಮಾತನ್ನು ಬಿಟ್ಟು, "ಚಿತ್ರ ಕಳಿಸಿ, ನೋಡಿ ತಿಳಿಸ್ತೀವಿ ಅಂತ ಬರೆದವ್ರೆ" ಅಂದೆ. ಅಷ್ಟೇ. ಪರೀಕ್ಷೆಯಲ್ಲಿ ಅನುವಾದದ ಪ್ರಶ್ನೆಗೆ ನನಗೆ ಯಾವಾಗಲೂ ಒಳ್ಳೆಯ ನಂಬರು ಬರುತ್ತಿತ್ತು.

ಜನ ಹೋಗಲಿ, ಸಂಜೆ ನೀನೊಬ್ಬಳೇ ಇರುವಾಗ ಹೇಳೋಣ ಅಂದುಕೊಂಡಿದ್ದೆ. ನಿಜ ಅವ್ವ. ಸಂಜೆ ಸಿದ್ದಮ್ಮ ಮತ್ತೆ ಬಂದು ಕೂತಳು.

"ಕರೆಂಟ್ ಕೊಡೋದು ಕ್ಯಾನ್ಸರ್‌ಗೆ ಕಣೇ. ನಮ್ಮ ಭಾವಂಗೆ ಕೊಟ್ಟಿದ್ರಲ್ಲ, ಚರ್ಮ ಎಲ್ಲ ಕರ್ರಗಾಗೋಯ್ತು."

"ಇದು ಆ ಕರೆಂಟಲ್ಲ ಕಣೇ, ಬಿಸ್ಲು. ಒಂದೇ ಜಾಗಕ್ಕೆ ಬೀಳೋ ಬಿಸ್ಲು."

"ಬಿಸ್ಲಿಗೆ ಫಾರಿನ್‌ಗೆ ಹೋಗ್ಬೇಕಾ? ನಮ್ಮ ಕಣದಾಗೆ ಮಲಗು, ಸಾಯಂಕಾಲಕ್ಕೆ ಹಪ್ಪಳ ಆಗ್ತೀಯ."

ನೀವಿಬ್ಬರೂ ನಕ್ಕಿರಿ. ಅವತ್ತು ನೀನು ಎರಡು ಮುದ್ದೆ ಉಂಡೆ. ಹೇಗೆ ಹೇಳುವುದು? ಮರುದಿನ ಹೇಳಬಹುದಿತ್ತು. ಮರುವಾರವೂ... ನಾನು ಸ್ಕ್ಯಾನ್ ಚಿತ್ರದ ಲಕೋಟೆಯನ್ನು ಕಳುಹಿಸಲಿಲ್ಲ, ಆ ಕಾಗದದ ಜೊತೆ ಟ್ರಂಕಿನಲ್ಲಿ ಬಿ.ಎ. ಪುಸ್ತಕಗಳ ಕೆಳಗಿಟ್ಟೆ. ಕಳುಹಿಸಿದೆ ಅಂತ ನಿನಗೆ ಹೇಳಿದೆ. ವಾರಕ್ಕೊಮ್ಮೆ ನೀನು, "ಫೋಟೋ ಮುಟ್ಟಿರ್ಬೇಕಲ್ವೇನೆ?" ಅಂತ ಕೇಳುತ್ತಿದ್ದೆ. ಮುಟ್ಟಿರುತ್ತೆ ಅನ್ನುತ್ತಿದ್ದೆ ನಾನು.

ದೀಪಾವಳಿ ಕಳೆದ ಮೇಲೂ ಇನ್ನೊಂದು ಕಾಗದ ಬರದಿದ್ದಾಗ ಅಪ್ಪ ತಡೆಯಲಾರದೆ, ಬೆಂಗಳೂರಿಗೆ ಹೋಗಿ ಇನ್ನೊಂದು ಸಲ ತೋರಿಸೋಣ ಅಂದ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ನೀನು ಒಪ್ಪಿಬಿಡಲಿ ಅಂದುಕೊಂಡೆ, ಆಗ ನಾನು ಬಾಯಿ ಬಿಡುವ ಅಗತ್ಯವೇ ಬರುತ್ತಿರಲಿಲ್ಲ. ನೀನು ಒಪ್ಪಲಿಲ್ಲ. "ಯಾಕ್ ಅವಸರ ಮಾಡ್ತೀರಿ? ಮೂರು ತಿಂಗ್ಳಿಗೆ ಅಟ್ಟದಿಂದ ಇಳಿಸಿದ ಕಾಯಿ ಏನಾಗ್ತದೆ? ಕೊಳೀತದೆ" ಅಂದೆ. ಬೇರೆ ಯಾವ ಊರಿನ ಹೆಂಗಸಾದರೂ ಅಷ್ಟು ನೆಮ್ಮದಿಯಾಗಿ ಕಾಯುತ್ತಿದ್ದಳಾ? ವರ್ಷಗಟ್ಟಲೆ ಮುಟ್ಟದೆ ಕಾಯುವುದೇ ಇಲ್ಲಿನವರಿಗೆ ಕೆಲಸ. ಅದು ನನಗೆ ಗೊತ್ತಿತ್ತು, ಅದರ ಹಿಂದೆ ನಾನು ಬಚ್ಚಿಟ್ಟುಕೊಂಡೆ.

ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. ಒಂದು ದಿನ ನೀನು ಬಚ್ಚಲಿನ ಹತ್ತಿರ ಬಿದ್ದೆ. ಅಪ್ಪ ಟ್ಯಾಕ್ಸಿ ತಂದ. ಬೆಂಗಳೂರಿನ ದಾರಿಯಲ್ಲಿ ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯ ಹೊಗೆ ಕಾಣುವವರೆಗೂ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಾತಾಡುತ್ತಿದ್ದೆ, ಆಮೇಲೆ ಆಡಲಿಲ್ಲ. ತಲೆಯೊಳಗೆ ನೀರು ತುಂಬಿದೆ ಅಂದರು ಆಸ್ಪತ್ರೆಯಲ್ಲಿ. ಮೂರನೆಯ ದಿನ ನೀನು ಹೋದೆ. ಕಾರಿಡಾರಿನಲ್ಲಿ ಕನ್ನಡಕದ ಡಾಕ್ಟರು ನನ್ನ ಹತ್ತಿರ ಬಂದು, "ಅವರ ಉತ್ತರ ಬಂದಿತ್ತಾ?" ಎಂದು ಕೇಳಿದರು. ಅಪ್ಪ ದೂರದಲ್ಲಿ ಕೂತಿದ್ದ. ನಾನು ಇಲ್ಲ ಅಂದೆ. "ಬಂದಿದ್ರೂ ಮೊದಲು ಆಪರೇಷನ್ ಮಾಡಿಸಿ ಅಂತಲೇ ಬರೀತಿದ್ರು" ಅಂದರು ಅವರು. ನಾನು ತಲೆಯಾಡಿಸಿದೆ.

ಭಾನುವಾರ ಬಂದವರ ವಿಷಯಕ್ಕೆ ಬರುತ್ತೇನೆ. ಗಂಡಸಿನ ಹೆಸರು ರುದ್ರಣ್ಣ, ಚಿಕ್ಕನಾಯಕನಹಳ್ಳಿ ಕಡೆ ಟೈಲರ್ ಅಂಗಡಿ ಇಟ್ಟಿದ್ದಾರೆ. ಹೆಂಡತಿ ಶಿವಮ್ಮ. ಆತ ಗೋಡೆ ಹಿಡಿದು ಮೆಟ್ಟಿಲು ಹತ್ತಿದ್ದನ್ನು ನೋಡಿಯೇ ನನಗೆ ಗೊತ್ತಾಯಿತು. ಅದೇ ಆಸ್ಪತ್ರೆ, ಅದೇ ಕಾಯಿಲೆ, ಅಷ್ಟೇ ದೊಡ್ಡ ಗಡ್ಡೆ. ಆಪರೇಷನ್ನಿಗೆ ದಿನ ಕೊಟ್ಟಿದ್ದರಂತೆ, ಆತ ಹೋಗಿಲ್ಲ. ತಿಪಟೂರಿನ ಮಂಡಿಯಲ್ಲಿ ಯಾರೋ, ಇಂಥ ಊರಿನ ಹೆಂಗಸಿಗೆ ಫಾರಿನ್ನಿಂದ ಕಾಗದ ಬಂದಿತ್ತು, ಕುಯ್ಯದೆ ಒಣಗಿಸುತ್ತಾರಂತೆ ಅಂದರಂತೆ. ಕೊಬ್ಬರಿ ಒಡೆಯಲು ಹೋದಲ್ಲೆಲ್ಲ ನೀನು ಹೇಳಿದ್ದ ಮಾತು ಅದು. ನೀನು ಹೋದ ಸುದ್ದಿ ಅಷ್ಟು ದೂರ ಹೋಗಿರಲಿಲ್ಲ.

"ನಿಮ್ಮವ್ವ ಈಗ ಹೆಂಗವ್ರೆ? ಫಾರಿನ್‌ಗೆ ಹೋಗ್ಬಂದ್ರಾ?" ಅಂದರು ಶಿವಮ್ಮ.

ನಾನು ಹೇಳಿದೆ. ರುದ್ರಣ್ಣ ನೆಲ ನೋಡುತ್ತಾ, "ಆದ್ರೂ ಆ ಕಾಗ್ದದಾಗೆ ಏನೈತೆ ಅಂತ ಓದ್ಬುಡವ್ವ. ಅಷ್ಟು ದೂರದಿಂದ ಬಂದಿವ್ನಿ" ಅಂದರು.

ಕಾಗದವನ್ನು ಟ್ರಂಕಿನಿಂದ ತೆಗೆದುಕೊಂಡು ಬಂದೆ. ಅಪ್ಪ ಜಗುಲಿಯ ಆ ತುದಿಯಲ್ಲಿ ಕಾಯಿಯ ಮಟ್ಟೆ ಸುಲಿಯುತ್ತಿದ್ದ. ಮೊದಲನೆಯ ಪ್ಯಾರಾ ಓದಿದೆ, ಎರಡನೆಯದನ್ನು ಓದಿದೆ. ರುದ್ರಣ್ಣನವರ ಮುಖದ ಮೇಲೂ ಅದೇ ಆಸೆ ಬಂದಿತ್ತು, ಒಂದೇ ಪಕ್ಕದಲ್ಲಿ. ಮೂರನೆಯದನ್ನು ಓದಿದೆ. ಒಂದೊಂದು ವಾಕ್ಯವನ್ನೂ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಜಗುಲಿಯ ಆ ತುದಿಯಲ್ಲಿ ಸುಲಿಯುವ ಸದ್ದು ನಿಂತಿತು.

ಶಿವಮ್ಮ ಕೇಳಿದರು, "ಇಷ್ಟು ಬಿಡಿಸಿ ಬರ್ದವ್ರಲ್ಲ. ಮತ್ತೆ ನಿಮ್ಮವ್ವ ಯಾಕೆ ಆಪ್ರೇಷನ್ ಮಾಡಿಸ್ಕೊಳ್ಲಿಲ್ಲ?"

"ನಾನು ಅವ್ವಂಗೆ ಇಷ್ಟನ್ನ ಓದಿ ಹೇಳಿರ್ಲಿಲ್ಲ" ಅಂದೆ.

ಅವರು ಹೋಗುವಾಗ ಅಪ್ಪ ಬಸ್ ನಿಲ್ಲುವಲ್ಲಿಯವರೆಗೂ ಹೋಗಿ ಹತ್ತಿಸಿ ಬಂದ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ನಾನು ಹಾಕಿದ್ದನ್ನು ಉಂಡ. ಮೂರನೆಯ ದಿನ ಕೈ ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದ: "ಅವಳಾಗಿದ್ರೆ ನಿನ್ನ ಒಂದ್ ಮಾತೂ ಬೈತಿರ್ಲಿಲ್ಲ. ನಂಗೆ ಅದ್ಕೇ ಸಿಟ್ಟು." ಆಮೇಲೆ, "ನಂಗೆ ಕೇಳುಸ್ತು, ಆಯ್ತು. ಕೇಳುಸ್ಬೇಕಾದೋಳಿಗೆ ಕೇಳುಸ್ಲಿಲ್ವಲ್ಲ" ಅಂದ.

ಅದಕ್ಕೇ ಬರೆಯಲು ಕೂತೆ. ನಿನ್ನೆ ರುದ್ರಣ್ಣನವರಿಂದ ಕಾರ್ಡು ಬಂತು. ಆಪರೇಷನ್ನಿಗೆ ಒಪ್ಪಿದ್ದಾರೆ, ಸೋಮವಾರ ಸೇರಬೇಕಂತೆ. ಡಾಕ್ಟರು ಹೇಳುವುದು ನಮಗೆ ಅರ್ಥವಾಗುವುದಿಲ್ಲ, ನಿಮ್ಮ ಹುಡುಗಿಯನ್ನು ಜೊತೆಗೆ ಕಳುಹಿಸಿ ಎಂದು ಅಪ್ಪನಿಗೆ ಬರೆದಿದ್ದಾರೆ. ಅಪ್ಪ ಹೋಗು ಅಂದ. ಹೋಗುತ್ತಿದ್ದೇನೆ. ಅವರು ಬದುಕುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರು ಏನು ಹೇಳಿದರೂ, ರುದ್ರಣ್ಣನವರ ಮುಖ ನೋಡದೆ, ಅಷ್ಟನ್ನೂ ಹೇಳುತ್ತೇನೆ. ಕನ್ನಡಕದ ಡಾಕ್ಟರಿಗೆ ಉತ್ತರ ಬಂದಿತ್ತು ಅಂತಲೂ ಹೇಳಬೇಕು.

ಹೋಗುವುದಕ್ಕೆ ಮುಂಚೆ ನಿನಗೆ ಓದುತ್ತೇನೆ. ಮೂರನೆಯ ಪ್ಯಾರಾ, ಆರು ಸಾಲು. ಹೀಗಿದೆ:

"ನೀವು ಬರೆದಿರೋ ಅಳತೆ ನೋಡಿದ್ರೆ ನಿಮ್ಮವ್ವನ ಗಡ್ಡೆ ದೊಡ್ಡದು. ಇಷ್ಟು ದೊಡ್ಡದಕ್ಕೆ ನಾವು ಕಿರಣ ಹಾಕಲ್ಲ. ಹಾಕಿದ್ರೆ ಗಡ್ಡೆ ಮೊದ್ಲು ಊದ್ಕೊಂಡು ಪಕ್ಕದ ಮೆದುಳನ್ನ ಇನ್ನೂ ಒತ್ತುತ್ತೆ, ಪ್ರಾಣಕ್ಕೇ ಕುತ್ತು ಬರ್ಬೋದು. ಅಲ್ಲಿನ ಡಾಕ್ಟ್ರ ಹತ್ರ ಬೇಗ ಆಪರೇಷನ್ ಮಾಡ್ಸಿ, ನಮ್ಮ ಕಾಗದಕ್ಕೆ ಕಾಯ್ಬೇಡಿ. ಪೂರ್ತಿ ತೆಗೀಲೇಬೇಕು ಅಂತಿಲ್ಲ, ಮುಖದ ನರಕ್ಕೆ ಅಂಟ್ಕೊಂಡಿರೋ ಚೂರನ್ನ ಅವರು ಹಂಗೇ ಬಿಟ್ರೂ ಆಗುತ್ತೆ. ಉಳಿದ ಆ ಚೂರಿಗೆ ಕಿರಣ ಹಾಕ್ಬೋದಾ ಅಂತ ಆಮೇಲೆ ನೋಡೋಣ."

ಇಷ್ಟೇ ಅವ್ವ. ಓದಲು ಒಂದು ನಿಮಿಷವೂ ಬೇಡ. ಕೇಳಿದ್ದರೆ ನೀನು ಸರಿ ಅನ್ನುತ್ತಿದ್ದೆಯೋ ಏನೋ. ಬೇಡ ಅಂತಲೇ ಅನ್ನುತ್ತಿದ್ದೆಯೇನೋ. ಅನ್ನಬೇಕಾದವಳು ನೀನಾಗಿದ್ದೆ.